ವಾರ್ನಿಷ್ ಮಾವ

ಹಗರಿಬೊಮ್ಮನಹಳ್ಳಿಯ ಯಾವ ಓಣಿ ಹೊಕ್ಕರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಓಣಿಯ ಪಾಲಿಗೆ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಹುಡುಗರ ಬಾಯಲ್ಲಿ ಅವರು ವಾರ್ನಿಷ್ ಮಾವ. ಮನೆಗೆ ಬಂದವರನ್ನು 'ಬರ್ರಿ, ಕುಂದರ್ರಿ' ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಮಾವ ಅರ್ಧ ರೂಢಿ ಪಾಲಿಸುತ್ತಾರೆ: 'ಬರ್ರಿ. ಕುಂದರಬ್ಯಾಡ್ರಿ, ಹಸೀ ಐತಿ.'

ಬಣ್ಣ ಹಚ್ಚುವುದು ಪೇಂಟರನ ಕೆಲಸ, ಅದನ್ನು ಕಾಯುವುದು ತಮ್ಮ ಕೆಲಸ ಎಂದು ಅವರು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಾರೆ. ವಿದ್ಯೆಯಲ್ಲಿ ಕೊರತೆಯಿಲ್ಲ. ಡಬ್ಬಿ ಅಲುಗಾಡಿಸಿದರೆ ಗುಳ್ಳೆ ಏಳುತ್ತವೆ, ಕಡ್ಡಿಯಿಂದ ಮೆಲ್ಲಗೆ ತಿರುವಬೇಕು; ಒಂದು ಕೋಟ್ ಒಣಗಿದ ಮೇಲೆ 320 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ಧೂಳು ಒರೆಸಿ, ಎರಡನೆಯದಕ್ಕೆ ಕೈ ಹಾಕಬೇಕು; ಅಡಿಯ ಬಣ್ಣ ಒಳಗೂ ಒಣಗಿರಬೇಕು. ಎಲ್ಲ ಬಾಯಿಪಾಠ. ಕಾಯುವ ವಿದ್ಯೆಯೊಂದನ್ನು ಮಾತ್ರ ಊರಿಗೆಲ್ಲ ಹಂಚಿ ತಾವು ಬರಿಗೈಯಾಗಿದ್ದಾರೆ. ಪೇಂಟರ್ ಏಣಿ ಎತ್ತುವ ಮೊದಲೇ ಇವರ ಬ್ರಷ್ ಹೊರಬೀಳುತ್ತದೆ. ಅಷ್ಟರಲ್ಲಿ ಈರುಳ್ಳಿ ಲಾರಿಯೊಂದು ಹಾದುಹೋಗಿ, ತಲೆಬಾಗಿಲಿಗೆ ಓಣಿಯ ಧೂಳೆಲ್ಲ ಶಾಶ್ವತವಾಗಿ ಸೇರ್ಪಡೆಯಾಗುತ್ತದೆ. 'ನಾ ಸೊಸಿಯಾಗಿ ಬಂದಾಗಿಂದ ಈ ಬಾಗ್ಲಾ ಒಣಗಿದ್ದು ನೋಡಿಲ್ಲ' ಎನ್ನುತ್ತಾರೆ ಅತ್ತೆ.

ಯಾರಾದರೂ ನಕ್ಕರೆ ಮಾವ ಉಜ್ಜಿನಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಕೊಟ್ಟೂರು ಸಮೀಪದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ. ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುತ್ತದೆ, ಜನ ಜಾತ್ರೆಗಟ್ಟಿ ನೋಡುತ್ತಾರೆ. 'ಕಲ್ಲಿನ ಶಿಖರಕ್ಕ ಎಣ್ಣಿ ಬೇಕಂದ್ರ ನನ್ನ ತಗಡಿನ ಗೇಟಿನ ಗತಿ ಏನಪಾ?' ಅದು ಭಕ್ತಿ, ಇದು ಚಟ ಎಂದು ಹಿರಿಯರಿಗೆ ಹೇಳುವುದು ಹೇಗೆ?

ಬಿಳಿ ಬಣ್ಣ ಬಳಿದ ತುಳಸಿಕಟ್ಟೆಗೂ ಎಣ್ಣೆ ವಾರ್ನಿಷ್ ಬಿತ್ತು. ಅದು ಬರಬರುತ್ತ ಹಳದಿಗೆ ತಿರುಗುವ ಪದಾರ್ಥ. ಮುಂದಿನ ದೀಪಾವಳಿಗೆ ಕಟ್ಟೆಗೆ ಕಾಮಾಲೆ ಹತ್ತಿತ್ತು. 'ಗಂಧದ ಬಣ್ಣ ಬಂತು ನೋಡು' ಎಂದು ಮಾವ ಹಿಗ್ಗಿದರು. ನೀರಿನಲ್ಲಿ ಕಲಸುವ ಜಾತಿಯದಾದರೆ ಹಳದಿಯಾಗುವುದಿಲ್ಲ ಎಂದು ಅಂಗಡಿಯ ಹುಡುಗ ಹೇಳಿದ್ದೂ ಉಂಟು. 'ನೀರು ಹಾಕಿದ್ದು ಮಳೀಗೆ ನಿಲ್ತೈತೇನಲೇ?' ಹುಡುಗ ಬಾಯಿ ಮುಚ್ಚಿಕೊಂಡ.

ಶಾಲೆಯ ಗೋಡೆಯ ಭಾರತ ನಕ್ಷೆಗೂ ಇದೇ ಸೇವೆ ನಡೆಯಿತು. ಮಳೆಗಾಲದಲ್ಲಿ ನೀರು ಕುಡಿದ ಗೋಡೆ. ಮೇಲೆ ಬಾಯಿ ಕಟ್ಟಿದ ಮೇಲೆ ಒಳಗಿನ ತೇವ ಹೋಗುವುದೆಲ್ಲಿಗೆ? ಬಣ್ಣವನ್ನೇ ಎತ್ತಿಕೊಂಡು ಎದ್ದಿತು. ಅರಬ್ಬೀ ಸಮುದ್ರದಲ್ಲಿ ಹೊಸ ದ್ವೀಪಗಳು ಹುಟ್ಟಿದವು, ಮಕ್ಕಳು ಅವನ್ನು ಬೆರಳಿನಿಂದ ಒತ್ತಿ ಒತ್ತಿ ಮುಳುಗಿಸಿದರು.

ಆದರೆ ಮಾವನ ಕೈಚಳಕ ನಿಜಕ್ಕೂ ಗೆದ್ದದ್ದು ಗೇಟಿನ ನಾಮಫಲಕದ ಮೇಲೆ. ಹೆಸರು, ಓಣಿ, ಕೊನೆಗೆ 'ಜಿ: ಬಳ್ಳಾರಿ'. ಅದರ ಮೇಲೆ ಕೋಟಿನ ಮೇಲೆ ಕೋಟು. ಎಲ್ಲ ನಿಯಮ ಪಾಲಿಸಿ, ತಾಳ್ಮೆಯಿಂದ ಹೊಡೆದದ್ದು ಅದೊಂದೇ. 2021ರಲ್ಲಿ ಸರ್ಕಾರ ವಿಜಯನಗರ ಜಿಲ್ಲೆ ಮಾಡಿತು. ಉಜ್ಜಿದರು, ಕೆರೆದರು, ಥಿನ್ನರ್ ಸುರಿದರು. ಬಳ್ಳಾರಿ ಅಲುಗಲಿಲ್ಲ.

ಅತ್ತ ಹರಪನಹಳ್ಳಿಯ ಬೀಗರದು ಬರೀ ಸುಣ್ಣದಲ್ಲಿ ಬರೆದ ವಿಳಾಸ. 1997ರಲ್ಲಿ ದಾವಣಗೆರೆಗೆ ಸೇರಿದಾಗ ಒರೆಸಿದರು, ಮತ್ತೆ ಬಳ್ಳಾರಿಗೆ ಬಂದಾಗ ಒರೆಸಿದರು, ವಿಜಯನಗರವಾದಾಗಲೂ ಒರೆಸಿದರು. ಒದ್ದೆ ಬಟ್ಟೆಯೊಂದೇ ಖರ್ಚು. ಈ ಮಾತು ಮಾವನ ಎದುರು ಯಾರೂ ಎತ್ತುವುದಿಲ್ಲ, ಬೀಗರೊಬ್ಬರನ್ನು ಬಿಟ್ಟು.

ಕೊನೆಗೆ ಸೊಸೆ 'ವಿಜಯನಗರ' ಎಂದು ಸ್ಟಿಕ್ಕರ್ ಮಾಡಿಸಿ ಬಳ್ಳಾರಿಯ ಮೇಲೆ ಅಂಟಿಸಿದಳು. ಮಾವ ಬ್ರಷ್ ಹಿಡಿದು ಬಂದು ನಿಂತರು, ಯಾಕೋ ತಡೆದರು. ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಕೇಳಿದರು:

'ತಮ್ಮಾ, ನೀ ಪೇಪರ್ ಓದ್ತೀಯಲ್ಲ. ಈ ಜಿಲ್ಲಾ ಎಷ್ಟು ವರ್ಷ ಬಾಳಿಕಿ ಬರಬಹುದು? ಖಾತ್ರಿ ಐತಿ ಅಂದ್ರ ಎರಡು ಕೋಟ್ ಹೊಡಿತೀನಿ.'