ಆ ಸೊಟ್ಟ ಬೆರಳನ್ನು ತಿದ್ದಬೇಡಿ

ಮಂಗಳೂರು
ಡಿಸೆಂಬರ್ ಮೊದಲ ವಾರ

ಪುಟ್ಟ ಮಕ್ಕಳಿರುವ ಮನೆಗಳ ತಾಯ್ತಂದೆಯರೇ,

ಗಾಳಿಮರದ ಗೆಲ್ಲು ತಂದು ಬಕೆಟ್ಟಿನ ಮರಳಿನಲ್ಲಿ ನಿಲ್ಲಿಸುವ ದಿನಗಳು ಬಂದವು. ಗೋದಲಿಗೆ ಹಸುರು ಬೇಕೆಂದು ಇನ್ನೊಂದು ವಾರದಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತುತ್ತೀರಿ. ಮಗುವಿನ ಹೆಸರು ಕೊರೆದ ಮರದ ಬಿಲ್ಲೆ, ಫೋಟೋ ಅಚ್ಚು ಹಾಕಿದ ಗುಂಡುಗಳನ್ನು ನಿಮ್ಮಲ್ಲಿ ಕೆಲವರು ಈಗಾಗಲೇ ಫೋನಿನಲ್ಲಿ ಆರ್ಡರ್ ಮಾಡಿರಬಹುದು. ಅದಕ್ಕೆ ನನ್ನ ತಕರಾರಿಲ್ಲ, ಮರಕ್ಕೆ ಕಟ್ಟಿದರೆ ಚೆಂದವೇ ಕಾಣುತ್ತವೆ. ಅವುಗಳ ಜೊತೆ ಒಂದನ್ನಾದರೂ ಮಗುವಿನ ಕೈಯಿಂದಲೇ ಮಾಡಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಮಾಡಿಸಿದ ಮೇಲೆ ಅದನ್ನು ತಿದ್ದಬೇಡಿ ಎಂದು ಬೇಡಿಕೊಳ್ಳಲು ಕೂಡ.

ಕಳೆದ ವರ್ಷ ನನ್ನ ಮೊಮ್ಮಗ ನರ್ಸರಿಯಿಂದ ಒಂದು ರಟ್ಟಿನ ನಕ್ಷತ್ರ ತಂದ. ಐದು ಮೂಲೆಗಳೂ ಒಂದೇ ಅಳತೆ, ಮಿನುಗುಪುಡಿ ಎಲ್ಲಿಯೂ ಗೆರೆ ದಾಟಿರಲಿಲ್ಲ. "ನೀನೇ ಮಾಡಿದ್ದಾ ಮಗಾ?" ಎಂದೆ. "ಇದು ಟೀಚರ್ ಮಾಡಿದ್ದು ಅಜ್ಜಿ. ನಂದು ಕಸದ ಬುಟ್ಟಿಗೆ ಹೋಯ್ತು" ಎಂದ. ಅಳಲಿಲ್ಲ, ಮಧ್ಯಾಹ್ನ ಏನು ಊಟ ಮಾಡಿದೆ ಎಂದು ಹೇಳುವ ಹಾಗೆ ಹೇಳಿದ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಮೂರೂವರೆ ವರ್ಷಕ್ಕೇ ತನ್ನ ಕೆಲಸ ಕಸ ಎಂಬುದನ್ನು ಅವನು ಒಪ್ಪಿಕೊಂಡಿದ್ದ. ಆ ಟೀಚರನ್ನು ನಾನು ಬೈಯಲಾರೆ. ನಾನೂ ಇಪ್ಪತ್ತು ವರ್ಷ ಬಾಲವಾಡಿಯಲ್ಲಿ ಇದ್ದವಳು. ಅಂಟು ಸೋರಿದ, ಮೂಲೆ ಹರಿದ ನಕ್ಷತ್ರ ಮನೆಗೆ ಹೋದರೆ "ಇಷ್ಟೇನಾ ಕಲಿಸಿದ್ದು?" ಎಂದು ಕೇಳುವವರು ತಾಯ್ತಂದೆಯರೇ. ಅದಕ್ಕೇ ಈ ಪತ್ರ ನಿಮಗೆ.

ಕ್ರಿಸ್ಮಸ್ ಮರಕ್ಕೆ ಕಟ್ಟುವ ವಸ್ತುಗಳು ಮೊದಲಿನಿಂದಲೂ ಅಂಗಡಿಯವಲ್ಲ. ಸ್ಟ್ರಾಸ್‌ಬರ್ಗ್ ಊರಿನ 1605ರ ಒಂದು ಬರಹದಲ್ಲಿ ಮನೆಯೊಳಗೆ ನಿಲ್ಲಿಸಿದ ಮರಗಳ ಮಾತು ಬರುತ್ತದೆ. ಅವಕ್ಕೆ ಕಟ್ಟಿದ್ದು ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಸ್ಕತ್ತು, ಸಿಹಿತಿಂಡಿ. ಮಗುವಿನ ಕೈಗೆ ಎಟಕುವ ಸಾಮಾನೇ ಎಲ್ಲ. ಗಾಜಿನ ಗುಂಡುಗಳು ಬಂದದ್ದು ಆಮೇಲೆ, 19ನೇ ಶತಮಾನದಲ್ಲಿ, ಜರ್ಮನಿಯ ತುರಿಂಗಿಯಾ ಸೀಮೆಯ ಲೌಶಾ ಎಂಬ ಗಾಜಿನ ಕುಲುಮೆಗಳ ಊರಿನಿಂದ. 1880ರ ದಶಕದಲ್ಲಿ ವೂಲ್ವರ್ತ್ ಅಂಗಡಿಗಳು ಅವನ್ನು ಅಮೆರಿಕಕ್ಕೆ ತರಿಸಿ ಮಾರತೊಡಗಿದವು. ಲೌಶಾದಲ್ಲಿ ಅದು ಮನೆಮನೆಯ ಕಸುಬು. ದೊಡ್ಡವರು ಗಾಜು ಊದಿದರೆ ಮಕ್ಕಳೂ ಕೂತು ಕೈಗೂಡಿಸುತ್ತಿದ್ದರು. ಬೇರೆಯವರ ಮನೆಯ ಮರಕ್ಕಾಗಿ ಆ ಮಕ್ಕಳು ಎಷ್ಟು ಸಂಜೆಗಳನ್ನು ಕೊಟ್ಟರೋ ಎಂದು ನೆನೆದಾಗೆಲ್ಲ, ನಮ್ಮ ಮಗು ತನ್ನ ಮನೆಯ ಮರಕ್ಕೆ ತನ್ನ ಖುಷಿಗೆ ಒಂದು ಬಿಲ್ಲೆ ತಟ್ಟುವುದು ಎಂಥ ಭಾಗ್ಯ ಅನಿಸುತ್ತದೆ ನನಗೆ.

ನಾನು ಹೇಳುವುದು ಉಪ್ಪಿನ ಹಿಟ್ಟಿನ ಬಿಲ್ಲೆ, ಅದರ ಮೇಲೆ ಮಗುವಿನ ಕೈಗುರುತು. ಬೇಕಾದ್ದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿಯುಪ್ಪು, ಮುಕ್ಕಾಲು ಲೋಟದಷ್ಟು ನೀರು. ಕಲ್ಲುಪ್ಪು ಬೇಡ, ಹರಳು ಅಂಗೈಗೆ ಚುಚ್ಚುತ್ತದೆ, ಗುರುತೂ ಒರಟಾಗುತ್ತದೆ. ಉಪ್ಪು ಸುರಿಯುವ ಕೆಲಸ ಮಗುವಿಗೇ ಬಿಡಿ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಹತ್ತು ನಿಮಿಷ ನಾದಬೇಕು. ಬೆಣ್ಣೆಕಾಗದದ ಮೇಲೆ ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಅಗಲ ಬಾಯಿಯ ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ.

ಒತ್ತಿಸುವಾಗ ಅವಸರ ಬೇಡ. ಎಳೆಕೂಸಿನ ಅಂಗೈಗೆ ಏನು ತಾಗಿದರೂ ಅದು ಮುಷ್ಟಿ ಕಟ್ಟುತ್ತದೆ, ಅದು ಹಟವಲ್ಲ, ಹುಟ್ಟಿನಿಂದ ಬಂದ ಹಿಡಿತ. ಐದಾರು ತಿಂಗಳವರೆಗಿನ ಕೂಸಾದರೆ ಕೈ ಬಿಟ್ಟು ಪಾದ ಒತ್ತಿಸಿ. ಇಲ್ಲವೇ ಹಾಲು ಕುಡಿದು ತೂಕಡಿಸುವಾಗ, ಬೆರಳು ತಾನಾಗಿ ಸಡಿಲವಾದಾಗ ಒತ್ತಿಸಿ. ಒತ್ತಿಸಿದ ಕೂಡಲೇ ಒದ್ದೆ ಬಟ್ಟೆಯಿಂದ ಕೈಕಾಲು ಒರೆಸಿ. ಎರಡು ಮೂರು ವರ್ಷದ ಮಗುವಿಗೆ ಕೈ ಒತ್ತುವುದು ಒಂದೇ ಕ್ಷಣದ ಕೆಲಸ. ಆಮೇಲೆ ಅದು ತೋರುಬೆರಳಿನಿಂದ ಹಿಟ್ಟಿನ ಮೇಲೆಲ್ಲ ಇಪ್ಪತ್ತು ತೂತು ಕೊರೆಯುತ್ತದೆ. ಕೊರೆಯಲಿ. ಆ ದಿನ ಆ ಮಗು ನಿಜವಾಗಿ ಮಾಡಿದ ಕೆಲಸ ಆ ತೂತುಗಳೇ. ಕೈಗುರುತು ನಮ್ಮ ಆಸೆ. ಕಿರುಬೆರಳು ಸೊಟ್ಟ ಬಿದ್ದರೆ ಹಿಟ್ಟನ್ನು ಮತ್ತೆ ಉಂಡೆ ಕಟ್ಟಿ "ಇನ್ನೊಂದ್ಸಲ, ನೆಟ್ಟಗೆ" ಎಂದು ಕೈ ಹಿಡಿದೆಳೆಯಬೇಡಿ. ಐದು ನಿಮಿಷಕ್ಕೆ ಎದ್ದು ಹೊರಗೆ ಓಡಿದರೆ ಓಡಲಿ.

ದಾರಕ್ಕೆ ಬೇಕಾದ ತೂತನ್ನು ಹಿಟ್ಟು ಹಸಿಯಿರುವಾಗಲೇ ಸ್ಟ್ರಾ ಒತ್ತಿ ತೆಗೆಯಬೇಕು, ಅಂಚಿನಿಂದ ಒಂದು ಬೆರಳು ಒಳಗೆ. ಓವನ್ ಇದ್ದರೆ 100ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ, ನಡುವೆ ಒಮ್ಮೆ ಮಗುಚಿ. ಉರಿ ಹೆಚ್ಚಾದರೆ ಪೂರಿಯ ಹಾಗೆ ಉಬ್ಬಿ ಅಂಗೈ ಗೆರೆಗಳೆಲ್ಲ ಮಾಯ. ಓವನ್ ಇಲ್ಲದಿದ್ದರೆ ನಮ್ಮ ಡಿಸೆಂಬರ್ ಬಿಸಿಲೇ ಸಾಕು: ನಾಲ್ಕೈದು ದಿನ, ಮಗುಚುತ್ತಾ, ಇಬ್ಬನಿ ಬೀಳುವ ಮೊದಲು ಒಳಗೆ ತಂದಿಟ್ಟು. ಒಂದು ಮಾತನ್ನು ಮಾತ್ರ ಮರೆಯಬೇಡಿ. ಇಷ್ಟು ಉಪ್ಪಿನ ಹಿಟ್ಟು ಹೊಟ್ಟೆಗೆ ಹೋದರೆ ಸಣ್ಣ ಮಗುವಿಗೂ ಮನೆಯ ನಾಯಿಗೂ ಅಪಾಯ. ಮಾಡುವಾಗ ಕಣ್ಣಿಡಿ, ಕಟ್ಟುವಾಗ ಮೇಲಿನ ಗೆಲ್ಲಿಗೆ ಕಟ್ಟಿ.

ಇನ್ನು ಹೆಸರಿನ ವಿಷಯ. ಬಾಸೆಲ್ ಮಿಶನ್‌ನವರು ಈ ಊರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹಳೆಯ ಹಂಚುಗಳ ಮೇಲೆ ಕಾರ್ಖಾನೆಯ ಹೆಸರನ್ನೂ ಆ ಇಸವಿಯನ್ನೂ ಮಣ್ಣು ಹಸಿಯಿರುವಾಗಲೇ ಒತ್ತಿರುತ್ತಿದ್ದರು. ಆ ಅಕ್ಷರಗಳು ಹಂಚಿನ ಬೆನ್ನಿಗೆ ಇರುತ್ತಿದ್ದವು. ನಿಮ್ಮ ಬಿಲ್ಲೆಗೂ ಹಾಗೇ ಮಾಡಿ. ಎದುರಿನ ಮುಖ ಪೂರ್ತಿ ಮಗುವಿನದು. ಹೆಸರು, ಇಸವಿ, ವಯಸ್ಸು ಬೆನ್ನಿಗೆ, ಹಲ್ಲುಕಡ್ಡಿಯಿಂದ, ಒಣಗುವ ಮೊದಲು. ಎಷ್ಟನೇ ವರ್ಷದ್ದು ಎಂದು ನೆನಪಿರುತ್ತದೆ ಎಂದುಕೊಳ್ಳಬೇಡಿ. ಎರಡನೆಯ ಮಗು ಬಂದ ಮೇಲೆ ಯಾವ ಕೈ ಯಾರದೆಂಬುದೇ ಗೊಂದಲವಾಗುತ್ತದೆ.

ಉಪ್ಪು ನಮ್ಮ ಮಳೆಗಾಲದ ಗಾಳಿಯಿಂದ ನೀರು ಹೀರುತ್ತದೆ. ಮೂರು ಬಿಲ್ಲೆ ಮೆತ್ತಗಾಗಿ ಬೂಸ್ಟು ಹಿಡಿದು ಹೋದ ಮೇಲೆ ನಾನು ಕಲಿತದ್ದು ಇಷ್ಟು: ಪೂರ್ತಿ ಒಣಗಿದ ಮೇಲಷ್ಟೇ ಬಣ್ಣ. ಅದರ ಮೇಲೆ ಎದುರಿಗೂ ಬೆನ್ನಿಗೂ ತೂತಿನ ಒಳಗೂ ಎರಡು ಸಲ ವಾರ್ನಿಷ್. ಹಬ್ಬ ಮುಗಿದೊಡನೆ ಹತ್ತಿಯಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ. ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ, ಮಕ್ಕಳ ಕೈಗೆ ಸಿಗದ ಹಾಗೆ.

ನಮ್ಮ ಮನೆಯ ಡಬ್ಬಿಯಲ್ಲಿ ಎಲ್ಲಕ್ಕಿಂತ ಹಳೆಯದು ಉಪ್ಪಿನ ಹಿಟ್ಟಿನದಲ್ಲ, ಹಂಚಿನ ಮಣ್ಣಿನದು. ನನ್ನ ಮಗಳಿಗೆ ಮೂರು ತುಂಬಿದ ವರ್ಷ, 1993ರಲ್ಲಿ, ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಮ್ಮ ಮಾವ ನೇತ್ರಾವತಿಯ ಬದಿಯ ಜೇಡಿಮಣ್ಣು ಒಂದು ಮುದ್ದೆ ತಂದು ಅವಳ ಕೈ ಒತ್ತಿಸಿದ್ದರು. ಬಿಲ್ಲೆಯನ್ನು ಹಂಚುಗಳ ಜೊತೆ ಗೂಡಿನಲ್ಲಿ ಸುಟ್ಟು ತಂದರು. ಹೆಬ್ಬೆರಳು ಪೂರ್ತಿ ಬಿದ್ದಿಲ್ಲ, ಅವಳು ಕೈ ಕಿತ್ತುಕೊಂಡಿದ್ದಳು. "ಇನ್ನೊಂದು ಮಾಡಿ ಮಾವ" ಎಂದು ನಾನೇ ಹೇಳಿದ್ದೆ. "ಇರಲಿ ಬಿಡು ಮಗಳೇ, ಕಿತ್ತುಕೊಂಡದ್ದೂ ಅವಳೇ ಅಲ್ವಾ" ಎಂದರು. ಮಾವ ಈಗಿಲ್ಲ. ಮಗಳಿಗೆ ಈಗ ಅವಳದೇ ಸಂಸಾರ.

ಮೂರು ತುಂಬಿದ ವರ್ಷ ಮೊಮ್ಮಗ ಆ ಗುರುತಿನೊಳಗೆ ತನ್ನ ಕೈ ಇಡಲು ನೋಡಿದ. ಹಿಡಿಯಲಿಲ್ಲ. "ಅಮ್ಮನ ಕೈ ನನ್ನದಕ್ಕಿಂತ ಚಿಕ್ಕದು!" ಎಂದು ಕೂಗಿದ. ಮಣ್ಣು ಒಣಗುವಾಗ ಒಮ್ಮೆ, ಬೆಂಕಿಯಲ್ಲಿ ಇನ್ನೊಮ್ಮೆ ಕುಗ್ಗುತ್ತದೆ, ಅಮ್ಮನ ಕೈ ಅದಕ್ಕಿಂತ ದೊಡ್ಡದೇ ಇತ್ತು ಎಂದು ವಿವರಿಸಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಆ ದಿನವೆಲ್ಲ ಅಮ್ಮನ ಹಿಂದೆ ಮುಂದೆ ಸುಳಿದು, ಅವಳ ಪುಟ್ಟ ಕೈಗೆ ಭಾರವಾದೀತೆಂದು ನೀರಿನ ಚೊಂಬನ್ನು ತಾನೇ ಎತ್ತಿಕೊಟ್ಟ.

ಈ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಅವನೂ ನಾನೂ ಮೈದಾ ಅಳೆಯುತ್ತೇವೆ. ಕಸದ ಬುಟ್ಟಿಯನ್ನು ಹಿತ್ತಿಲಿನಲ್ಲಿ ಇಟ್ಟಿರುತ್ತೇನೆ.

ನಿಮ್ಮ ಮಕ್ಕಳಿಗೆ ಹಬ್ಬದ ಪ್ರೀತಿ ತಿಳಿಸಿ.

ಇಂತಿ,
ಬಾಲವಾಡಿಯ ಒಬ್ಬ ಹಳೆಯ ಟೀಚರ್