ಐದಕ್ಕೆ ಐದು

ಅಪ್ರೈಸಲ್ ಫಾರ್ಮಿನಲ್ಲಿ ನಮ್ಮ ಪರಿಣತಿಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು, ಒಂದರಿಂದ ಐದರವರೆಗೆ. ಲಿನಕ್ಸ್? ಐದು. ನೆಟ್‌ವರ್ಕ್? ಐದು. ಬ್ಯಾಕಪ್ ಬಂದಾಗ ಮಾತ್ರ ಕೈ ಸ್ವಲ್ಪ ತಡೆಯಿತು. ದಿನಾ ತೆಗೆದಿಡುವ ಬ್ಯಾಕಪ್ಪನ್ನು ಒಮ್ಮೆಯೂ ರೀಸ್ಟೋರ್ ಮಾಡಿ ನೋಡಿದವನಲ್ಲ. ನಾಲ್ಕು ಕೊಟ್ಟು ವಿನಯ ಮೆರೆದೆ. ಫೈರ್‌ವಾಲ್‌ಗೆ ಮತ್ತೆ ಐದು. 12 ವರ್ಷದ ಸರ್ವಿಸು, ಗೋಡೆಯ ಮೇಲೆ ರೆಡ್‌ಹ್ಯಾಟ್ ಸರ್ಟಿಫಿಕೇಟು. ಆ ಪರೀಕ್ಷೆಯೂ ಸುಮ್ಮನೆ ಅಲ್ಲ ನೋಡಿ. ಟಿಕ್ ಹಾಕುವ ಪ್ರಶ್ನೆಗಳೇ ಇಲ್ಲ. ಮೆಷಿನ್ ಮುಂದೆ ಕೂತು ಮಾಡಿ ತೋರಿಸಬೇಕು, 300ಕ್ಕೆ 210 ಬರಬೇಕು, ರೀಬೂಟ್ ಆದಮೇಲೂ ಮಾಡಿದ ಕೆಲಸ ಉಳಿದಿರಬೇಕು.

ಐದು ಕೊಟ್ಟುಕೊಂಡ ಮೇಲೆ ಅದರ ಘನತೆಗೆ ತಕ್ಕದ್ದೇನಾದರೂ ಮಾಡಬೇಡವೇ? ರಾತ್ರಿ ಹತ್ತು ಗಂಟೆ, ರಾಜಾಜಿನಗರದ ಮನೆ, ತೊಡೆಯ ಮೇಲೆ ಲ್ಯಾಪ್‌ಟಾಪ್. ಆಫೀಸಿನ ಹಳೆಯ ಸರ್ವರಿನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಯಾರ್ಯಾರೋ ಬರೆದ ರೂಲುಗಳು ಅಟ್ಟದ ಸಾಮಾನಿನ ಹಾಗೆ ರಾಶಿ ಬಿದ್ದಿದ್ದವು. ಎಲ್ಲ ಗುಡಿಸಿ ಹೊಸದಾಗಿ ಬರೆಯೋಣವೆಂದು ಫ್ಲಶ್ ಕಮಾಂಡ್ ಹೊಡೆದು ಎಂಟರ್ ಒತ್ತಿದೆ.

ಕರ್ಸರ್ ನಿಂತುಬಿಟ್ಟಿತು. ಎರರ್ ಇಲ್ಲ, ಬೈಗುಳವೂ ಇಲ್ಲ. ಕಾಲಿಂಗ್ ಬೆಲ್ ಒತ್ತುವವನ ಹಾಗೆ ಇನ್ನೆರಡು ಸಲ ಎಂಟರ್ ಒತ್ತಿದೆ. ವೈಫೈ ಮೇಲೆ ಅನುಮಾನ ಬಂದು ರೂಟರ್ ಆಫ್ ಮಾಡಿದೆ. ಒಳಗೆ ಸಿನಿಮಾ ನಿಂತು ಹೆಂಡತಿಯ ದನಿ ಎದ್ದಿತು. ಆಮೇಲೆ ಹೊಳೆಯಿತು. ಫ್ಲಶ್ ಮಾಡಿದರೆ ರೂಲುಗಳು ಹೋಗುತ್ತವೆ, ಪಾಲಿಸಿ ಹೋಗುವುದಿಲ್ಲ. ಪಾಲಿಸಿ ಇದ್ದದ್ದು ಡ್ರಾಪ್. ಅಂದರೆ, ಪಟ್ಟಿಯಲ್ಲಿ ಇಲ್ಲದವರನ್ನು ಒಳಗೆ ಬಿಡಬೇಡ. ಆ ಪಟ್ಟಿಯನ್ನೇ ನಾನು ಈಗಷ್ಟೇ ಹರಿದು ಹಾಕಿದ್ದೆ.

ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಫೋನ್ ಮಾಡಿದೆ. "ಸರ್, ಐದು ನಿಮಿಷಕ್ಕೆ ಹಳೇ ರೂಲ್ಸ್ ತಾನಾಗೇ ವಾಪಸ್ ಬರೋ ಹಾಗೆ ಮೊದಲೇ ಜಾಬ್ ಹಾಕಿರ್ತೀರಲ್ವಾ? ನೀವೇ ಹೇಳ್ಕೊಟ್ಟಿದ್ದು." ಸಿಗ್ನಲ್ ಸರಿಯಿಲ್ಲಮ್ಮ ಅಂತ ಕಟ್ ಮಾಡಿದೆ.

ಕ್ಯಾಬ್ ಹಿಡಿದು ವೈಟ್‌ಫೀಲ್ಡ್ ಸೇರಿದೆ. ಸರ್ವರ್ ರೂಮಿನಲ್ಲಿ ಕೀಬೋರ್ಡ್ ಸಿಕ್ಕಿತು, ಮಾನಿಟರ್ ಸಿಕ್ಕಿತು. ಮಾನಿಟರಿನ ಕೇಬಲ್ಲನ್ನು ಯಾರೋ ಮೀಟಿಂಗ್ ರೂಮಿಗೆ ಒಯ್ದು ಅದಕ್ಕೂ ಬೀಗ ಹಾಕಿದ್ದರು. ಚಪ್ಪಲಿ ಕಾಲಲ್ಲಿ, ಎಸಿ ಚಳಿಯಲ್ಲಿ, ರ‍್ಯಾಕಿನ ಮುಂದೆ ಕೈಕಟ್ಟಿ ನಿಂತೆ. ಬಾಗಿಲು ತೆಗೆದುಕೊಟ್ಟ ಸೆಕ್ಯೂರಿಟಿಯಣ್ಣ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್, ನಮ್ ಗೇಟ್ ಕಂಪ್ಯೂಟ್ರು ಹಂಗೇ ಸರಿಹೋಗುತ್ತೆ" ಎಂದ.

ಇದು ಗೇಟ್ ಕಂಪ್ಯೂಟರ್ ಅಲ್ಲಪ್ಪ ಎಂದು ತಿಳಿಹೇಳಲು ಬಾಯಿ ತೆರೆದೆ. ತೆರೆದದ್ದು ಹಾಗೇ ಉಳಿಯಿತು. ಫ್ಲಶ್ ಮಾಡಿದ್ದನ್ನು ನಾನು ಸೇವ್ ಮಾಡಿರಲಿಲ್ಲ! ರೀಬೂಟ್ ಆದರೆ ಡಿಸ್ಕಿನಲ್ಲಿರುವ ಹಳೆಯ ರೂಲುಗಳೇ ಬಂದು ಕೂರುತ್ತವೆ. ಪರೀಕ್ಷೆಯಲ್ಲಾದರೆ ಇದಕ್ಕೆ ಸೊನ್ನೆ. ಪವರ್ ಬಟನ್ ಒತ್ತಿದೆ. ಸೆಕ್ಯೂರಿಟಿಯಣ್ಣ ಚಹಾ ತಂದುಕೊಡುವಷ್ಟರಲ್ಲಿ ಸರ್ವರ್ ಎದ್ದಿತ್ತು.

ಅಪ್ರೈಸಲ್ ಪೋರ್ಟಲ್ ಕೂಡ ಅದೇ ಸರ್ವರಿನಲ್ಲಿತ್ತು, ಅವತ್ತೇ ಕೊನೆಯ ದಿನ. ತಾಂತ್ರಿಕ ಕಾರಣದಿಂದ ಒಂದು ದಿನ ಮುಂದೂಡಿದ್ದೇವೆ ಎಂದು ಬೆಳಿಗ್ಗೆ ಮೇಲ್ ಬಂತು. ಫಾರ್ಮ್ ತುಂಬದೆ ಉಳಿದವರೆಲ್ಲ ಕ್ಯಾಂಟೀನಿನಲ್ಲಿ ಆ ತಾಂತ್ರಿಕ ಕಾರಣವನ್ನು ಹರಸುತ್ತ ಇಡ್ಲಿ ತಿಂದರು. ತಾಂತ್ರಿಕ ಕಾರಣ ಮೂಲೆಯಲ್ಲಿ ತೂಕಡಿಸುತ್ತಿತ್ತು.

ಸಿಕ್ಕ ಒಂದು ದಿನದಲ್ಲಿ ಫೈರ್‌ವಾಲಿನ ಐದನ್ನು ಮೂರು ಮಾಡಿದೆ. 'ಈ ವರ್ಷ ನಿಮಗೆ ಮಾರ್ಗದರ್ಶನ ಮಾಡಿದವರು' ಎಂಬ ಜಾಗದಲ್ಲಿ ಎರಡನೇ ಗೇಟಿನ ಸೆಕ್ಯೂರಿಟಿ ಎಂದು ಬರೆದೆ.

ಮಧ್ಯಾಹ್ನ ಎಚ್‌ಆರ್‌ನಿಂದ ಉತ್ತರ: ಅವರ ಎಂಪ್ಲಾಯಿ ಐಡಿ ಬಿಟ್ಟುಹೋಗಿದೆ, ದಯವಿಟ್ಟು ತುಂಬಿ.