ಸಂಜೆ ಪಾಳಿಯ ಸಾಹೇಬರು

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದಿರೋ, ಗೇಟಿಗೊಬ್ಬರಂತೆ ಸಿಗುವ ಜನ ಇವರು. ಬ್ಯಾಂಕಿನಲ್ಲೋ ಬೋರ್ಡಿನಲ್ಲೋ ಮ್ಯಾನೇಜರಾಗಿ ನಿವೃತ್ತರಾಗಿ, ಗ್ರ್ಯಾಚುಟಿ ಹಣದಲ್ಲಿ ಒಂದೆಕರೆ ಕೊಂಡು, ಸುತ್ತ ತಂತಿ ಬೇಲಿ ಎಳೆಸಿ, ಮಾತಿಗೊಮ್ಮೆ "ಮಣ್ಣಿನ ಋಣ" ಅನ್ನುವವರು. ಮಾವಿನ ಗಿಡ ವರ್ಷಗಟ್ಟಲೆ ಕಾಯಿಸುತ್ತದೆ, ತೆಂಗಂತೂ ಹೇಳಿದ ಮಾತು ಕೇಳುವುದಿಲ್ಲ. ಕೈಕೆಳಗೆ ಸಿಬ್ಬಂದಿಯಿಲ್ಲದೆ ಚಡಪಡಿಸಿ ಕಡೆಗೆ ಕೋಳಿ ಸಾಕುತ್ತಾರೆ.

ನಾನು ಬಲ್ಲ ಸಾಹೇಬರು ಹೆಬ್ಬಾಳದ ತಳಿಯಾದ ಗಿರಿರಾಜ ಒಂದಷ್ಟು, ಸಂತೆಯಿಂದ ನಾಟಿ ಕೋಳಿ ಒಂದಷ್ಟು ತಂದರು. ಗೂಡಿಗೆ ಮಂಗಳೂರು ಹೆಂಚು, ಜಾಲರಿ ಬಾಗಿಲು, ಮೇಲೊಂದು ನಾಮಫಲಕ, ಅಂಗಳದಲ್ಲಿ ಕಣ್ಣು ಕೋರೈಸುವ ಎಲ್‌ಇಡಿ ದೀಪ. ಆಳಿನ ಮನೆಗೂ ಅಷ್ಟು ಖರ್ಚಾಗಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುವವರಿಲ್ಲ ಅನ್ನುತ್ತಾರೆ; ಕೋಳಿ ಕೇಳಿ ಗೂಡು ಕಟ್ಟಿಸುವವರೂ ಇಲ್ಲ. ಮೊಟ್ಟೆಯಿಡುವ ಪೆಟ್ಟಿಗೆ ಮೇಲೆ, ಕೂರುವ ಕೋಲು ಕೆಳಗೆ. ಕೋಳಿಗೋ ಎತ್ತರದಲ್ಲಿ ಕೂತರೇ ನಿದ್ದೆ. ಒಳಹೊಕ್ಕ ನಾಲ್ಕಾರು ಪೆಟ್ಟಿಗೆಯಲ್ಲೇ ಮಲಗಿ ಅಲ್ಲೇ ಹಿಕ್ಕೆ ಹಾಕಿದವು. ಮಿಕ್ಕ ನಾಟಿಗಳು ನೇರ ಹಲಸಿನ ಮರ ಏರಿದವು. ಮೈಭಾರದ ಗಿರಿರಾಜಗಳು ಅಂಗಳದ ದೀಪದ ಕೆಳಗೆ, ಇನ್ನೂ ಹಗಲೆಂದುಕೊಂಡು, ನೆಲ ಕೆದಕುತ್ತ ನಿಂತವು.

ಸಾಹೇಬರು ಇದನ್ನು ಅಶಿಸ್ತು ಎಂದು ದಾಖಲಿಸಿದರು. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ರಿಜಿಸ್ಟರ್ ಇದೆ. ಸಂಜೆ 6ಕ್ಕೆ ಮೊದಲ ಸೀಟಿ, 6.05ಕ್ಕೆ ಎರಡನೆಯದು, 6.10 ದಾಟಿದರೆ 'ವಿಳಂಬ'. ಹಲಸಿನ ಮರದಲ್ಲಿ ಕೂತವಕ್ಕೆ 'ಅನುಮತಿಯಿಲ್ಲದ ಗೈರುಹಾಜರಿ'. ಕೋಳಿ ನೋಡುವುದು ಬೆಳಕನ್ನು. ನಮ್ಮ ಕಡೆ ನವೆಂಬರಿನಲ್ಲಿ 6ಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ, ಜುಲೈನಲ್ಲಿ 7ರ ಹತ್ತಿರ. ಹೀಗಾಗಿ ಗೂಡಿಗೆ ಬರುವ ಸಿಬ್ಬಂದಿಗೆ ಜುಲೈನಲ್ಲಿ ಲಿಖಿತ ಎಚ್ಚರಿಕೆ, ನವೆಂಬರಿನಲ್ಲಿ 'ಅತ್ಯುತ್ತಮ' ಷರಾ.

"ಸರ್ವೀಸಲ್ಲಿದ್ದಾಗ ಒಂದಿನಾನೂ ಎಂಟು ಗಂಟೆಯೊಳಗೆ ಮನೆ ಸೇರಿದವರಲ್ಲ ಇವರು. ಈಗ ಕೋಳಿಗೆ ಹೇಳ್ತಾರೆ" ಎಂದು ಅವರ ಶ್ರೀಮತಿಯವರು ಕಾಫಿ ಕೊಡುತ್ತ ಹೇಳಿದರು. ಸಾಹೇಬರಿಗೆ ಆ ಕಡೆಯ ಕಿವಿ ಸ್ವಲ್ಪ ಮಂದ.

ಒಂದು ರಾತ್ರಿ ಬೇಲಿ ನುಸುಳಿ ಬಂದ ಕಾಡುಬೆಕ್ಕು ಮರದ ಮೇಲಿನ ಎರಡು ಹೇಂಟೆಗಳನ್ನು ಕಾಯಂ ಗೈರುಹಾಜರಿಗೆ ಸೇರಿಸಿತು. ಆಗ ಪಕ್ಕದ ಹೊಲದ ಅಜ್ಜಿ ಬಾಯಿ ಬಿಟ್ಟಳು.

"ಸೀಟಿ ಯಾಕೆ ಸ್ವಾಮಿ ಅವುಕ್ಕೆ? ಒಂದು ವಾರ ಆಚೆಗೇ ಬಿಡಬ್ಯಾಡಿ. ನೀರು, ಮೇವು ಎಲ್ಲಾ ಗೂಡ್ನಾಗೇ ಇಕ್ಕಿ. ಇದೇ ನಮ್ಮನೆ ಅಂತ ಅವುಕ್ಕೇ ಗೊತ್ತಾಗ್ತದೆ. ಆಮ್ಯಾಲೆ ಬಿಡಿ. ಹೊತ್ತು ಮುಳುಗೋವಾಗ ಒಳಗಡೆ ಒಂದು ಹಿಡಿ ನುಚ್ಚು ಎರಚಿ. ಆ ಅಂಗಳದ ದೀಪ ಮೊದ್ಲು ಆರ್ಸಿ. ಕೋಲು ಮ್ಯಾಕೆ ಕಟ್ಸಿ. ಅಷ್ಟಾದ್ರೂ ಮರ ಹತ್ತಿದ್ನ ಕತ್ಲಾದ ಮ್ಯಾಲೆ ಹಿಡ್ಕಂಬಂದು ಒಳಗೆ ಬಿಡಿ. ಕತ್ಲಾಗೆ ಅದುಕ್ಕೆ ಕಣ್ಣು ಕಾಣಾಕಿಲ್ಲ, ಸುಮ್ಕೆ ಕೈಗೆ ಸಿಗ್ತದೆ."

ಸಾಹೇಬರು ಹೇಳಿದ್ದೆಲ್ಲ ಮಾಡಿದರು. ಏಣಿ ಹಾಕಿ ಮರ ಹತ್ತಿದವನು ಆಳು. ಕೆಳಗೆ ನಿಂತು ಟಾರ್ಚ್ ಹಿಡಿದು "ಎಡಕ್ಕೆ, ಇನ್ನೂ ಎಡಕ್ಕೆ" ಅಂದವರು ಸಾಹೇಬರು. ಹತ್ತು ಹದಿನೈದು ದಿನದಲ್ಲಿ ಕೋಳಿಗಳೆಲ್ಲ ಮುಸ್ಸಂಜೆಗೆ ತಾವಾಗಿಯೇ ಸಾಲುಗಟ್ಟಿ ಒಳಗೆ ನಡೆದವು. ಸೀಟಿ ಮಾತ್ರ ನಿಲ್ಲಲಿಲ್ಲ. ಈಗ ಆಳು ನುಚ್ಚು ಎರಚುತ್ತಾನೆ, ಕತ್ತಲು ಅದರ ಪಾಡಿಗೆ ಇಳಿಯುತ್ತದೆ, ಕೀರ್ತಿಯೆಲ್ಲ ಸೀಟಿಗೆ. ತನ್ನ ಹುಂಜ ಕೂಗುವುದಕ್ಕೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಮುದುಕಿಯ ಕಥೆ ನಿಮಗೆ ಗೊತ್ತಲ್ಲ? ಅವಳ ವಂಶದಲ್ಲಿ ಸಂಜೆ ಪಾಳಿ ವಹಿಸಿಕೊಂಡವರು ಇವರು.

ಮೊನ್ನೆ ಬೆಂಗಳೂರಿನಲ್ಲಿ ಒಂದು ಮದುವೆಯ ಆರತಕ್ಷತೆ. ಊಟದ ಸಾಲಿನಲ್ಲಿ ನಿಂತಿದ್ದ ಸಾಹೇಬರ ಜೇಬಿನಲ್ಲೇ ಸೀಟಿ ಇತ್ತು. ಆಳು ಫೋನ್ ಮಾಡಿದ: ಎಲ್ಲವೂ ಹೊತ್ತಿಗೆ ಸರಿಯಾಗಿ ಗೂಡು ಸೇರಿವೆ. ಈಗಲಾದರೂ ಸೀಟಿಯ ಭ್ರಮೆ ಕಳಚೀತು ಎಂದು ನಾನು ಅವರ ಮುಖ ನೋಡಿದೆ. ಫೋನ್ ಮಡಚಿ ಜೇಬಿಗಿಟ್ಟು, ಎದೆ ಸೆಟೆಸಿ ಅಂದರು: "ನೋಡಿದ್ರಾ, ನಾನಿಲ್ಲದಿದ್ರೂ ಶಿಸ್ತು ತಪ್ಪಿಲ್ಲ. ಇದಕ್ಕೇ ಅನ್ನೋದು ಟ್ರೈನಿಂಗ್ ಅಂತ."

ಆ ಕಡೆ ಹೋದರೆ ಅವರಲ್ಲಿ ಮೊಟ್ಟೆ ಕೊಳ್ಳಿ, ಒಳ್ಳೆಯವೇ ಇರುತ್ತವೆ. ಆದರೆ 5 ಗಂಟೆಯೊಳಗೆ ದುಡ್ಡು ಕೊಟ್ಟು ಹೊರಟುಬಿಡಿ. ತಡವಾದರೆ ಮೊದಲ ಸೀಟಿಯಿಂದ ರಿಜಿಸ್ಟರಿನ ಸಹಿಯವರೆಗೆ ಪೂರ್ತಿ ನೋಡಿಯೇ ಬರಬೇಕು. ಸಾಕ್ಷಿಯ ಸಹಿ ನಿಮ್ಮಿಂದಲೇ ಹಾಕಿಸಿಕೊಳ್ಳುತ್ತಾರೆ.